ಉತ್ತರ ಹೇಳದ ಮೇಷ್ಟ್ರು: 20 ವಿದ್ಯಾರ್ಥಿಗಳಿಂದ ಶುರುವಾದ ಕಥೆ

ಮೆಡಿಕಲ್ ಕಾಲೇಜು ಅಂದ್ರೆ ಕಣ್ಣ ಮುಂದೆ ಏನು ಬರುತ್ತೆ? ದೊಡ್ಡ ಲೆಕ್ಚರ್ ಹಾಲ್, ಮುಂದೆ ಪ್ರೊಫೆಸರ್, ಕೊನೇ ಬೆಂಚಲ್ಲಿ ನಿದ್ದೆ. ಇವತ್ತಿನ ಕಥೆ ಇದನ್ನ ಬದಲಾಯಿಸೋಕೆ ಹೊರಟವರದ್ದು.

1910ರಲ್ಲಿ ಅಮೆರಿಕದಲ್ಲಿ ಫ್ಲೆಕ್ಸ್‌ನರ್ ವರದಿ ಬಂತು. ಮೊದಲು ವಿಜ್ಞಾನ, ಆಮೇಲೆ ವಾರ್ಡು ಅನ್ನೋ ಕ್ರಮ ಅದರಿಂದ ಗಟ್ಟಿಯಾಯ್ತು. ಶಿಕ್ಷಣದ ಗುಣಮಟ್ಟ ಏರಿತು, ನಿಜ. ಆದರೆ ಒಂದು ತೊಡಕಿತ್ತು. ಹೃದಯದ ರಚನೆ ಬಾಯಿಪಾಠ ಮಾಡಿದ ಹುಡುಗ, ಎದೆನೋವು ಅಂತ ರೋಗಿ ಬಂದಾಗ ಎಲ್ಲಿಂದ ಶುರುಮಾಡಬೇಕು ಅಂತ ತಡವರಿಸುತ್ತಿದ್ದ.

ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ಹೊಸ ಮೆಡಿಕಲ್ ಕಾಲೇಜು ಕಟ್ಟಲು ಹೊರಟಾಗ ಡೀನ್ ಆದವರು ಜಾನ್ ಇವಾನ್ಸ್. ಆಗ ಅವರಿಗಿನ್ನೂ 40 ತುಂಬಿರಲಿಲ್ಲ. 1969ರಲ್ಲಿ ಮೊದಲ ಬ್ಯಾಚ್ ಬಂತು. ಬರೀ 20 ಜನ!

ಇಲ್ಲಿ ಕ್ರಮ ತಲೆಕೆಳಗು. ಐದಾರು ಜನ ಮೇಜಿನ ಸುತ್ತ ಕೂತ್ಕೊಳ್ತಾರೆ. ಮೊದಲು ಬರೋದು ಪಾಠವಲ್ಲ, ರೋಗಿಯ ಕಥೆ. ನಮಗೆ ಗೊತ್ತಿರೋದೇನು? ಗೊತ್ತಿಲ್ಲದ್ದೇನು? ಯಾರು ಏನು ಓದ್ಕೊಂಡು ಬರ್ತೀರಿ? ಮತ್ತೆ ಸೇರಿ ಒಬ್ಬರಿಗೊಬ್ಬರು ವಿವರಿಸ್ತಾರೆ.

ಹಾಗಾದ್ರೆ ಮೇಷ್ಟ್ರಿಗೇನು ಕೆಲಸ? ಅದೇ ಕಷ್ಟದ ಕೆಲಸ. ಉತ್ತರ ನಾಲಿಗೆ ತುದಿಯಲ್ಲಿದ್ದರೂ ನುಂಗಿಕೊಳ್ಳಬೇಕು. ‘ಯಾಕೆ ಹಾಗಂತೀಯ?’ ಅಂತ ಕೇಳಬೇಕು. ಒಬ್ಬನೇ ಮಾತಾಡ್ತಿದ್ರೆ ತಡೆದು, ಸುಮ್ಮನೆ ಕೂತ ಹುಡುಗಿಯನ್ನ ಮಾತಿಗೆಳೀಬೇಕು.

ಎಲ್ಲ ಸರಿಹೋಯ್ತಾ? ಇಲ್ಲ. ಅಲ್ಲಿ ಮಾಮೂಲಿ ಮಾರ್ಕ್ಸ್ ಪರೀಕ್ಷೆಗಳಿರಲಿಲ್ಲ. ಗುಂಪು ಮತ್ತು ಟ್ಯೂಟರ್ ಅಭಿಪ್ರಾಯವೇ ಮುಖ್ಯ. 1980ರ ದಶಕದ ಕೊನೆಗೆ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗುವವರು ಹೆಚ್ಚಾದರು. ಜೊತೆಯಲ್ಲಿ ಚೆನ್ನಾಗಿ ಚರ್ಚೆ ಮಾಡಿದ ಮಾತ್ರಕ್ಕೆ ಕಲಿತಂತಲ್ಲ ಅಂತ ಗೊತ್ತಾಯ್ತು. ಕಾಲೇಜು ಚಿಕ್ಕ ಗುಂಪನ್ನ ಬಿಡಲಿಲ್ಲ. ಪ್ರತಿಯೊಬ್ಬರ ಕಲಿಕೆ ಎಲ್ಲಿಗೆ ಬಂತು ಅಂತ ಆಗಾಗ ಅಳೆಯುವ ಟೆಸ್ಟ್ ಸೇರಿಸಿತು.

1974ರಲ್ಲೇ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಈ ದಾರಿ ಹಿಡಿದಿತ್ತು. ಭಾರತದಲ್ಲಿ 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮವೂ ಚಿಕ್ಕ ಗುಂಪಿನ ಕಲಿಕೆಗೆ ಜಾಗ ಕೊಟ್ಟಿದೆ. ಆದರೆ ನೂರಾರು ಜನರ ಬ್ಯಾಚಿಗೆ ಅಷ್ಟು ಮೇಜು, ಅಷ್ಟು ಮೇಷ್ಟ್ರು ಎಲ್ಲಿಂದ ತರೋದು? ಬರೀ ನಿಯಮ ಬರೆದರೆ ಸಾಲದು.

ಯಾಕಂದ್ರೆ ನಾಳೆ ನಡುರಾತ್ರಿ ಎಮರ್ಜೆನ್ಸಿ ವಾರ್ಡಿನಲ್ಲಿ ನಮ್ಮನ್ನ ನೋಡೋ ಡಾಕ್ಟರಿಗೆ, ‘ನಂಗಿದು ಗೊತ್ತಿಲ್ಲ, ಕೇಳಿ ತಿಳ್ಕೋತೀನಿ’ ಅನ್ನೋ ಧೈರ್ಯ ಇರಬೇಕು. ಆ ಧೈರ್ಯ ಅಭ್ಯಾಸ ಆಗೋದು ಇಂಥ ಮೇಜಿನ ಸುತ್ತಲೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.