ಕ್ಯಾಸನೂರು ಕಾಡಿನ ಕಾಯಿಲೆ: ಸಂಶೋಧನೆಯ ಇತಿಹಾಸ

ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದೇ ಹೆಸರಾದ ಈ ವೈರಸ್ ಜ್ವರ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಕಾನುಗಳಲ್ಲಿ ಮುಸಿಯಗಳೂ ಮಂಗಗಳೂ ಒಂದರ ಹಿಂದೊಂದು ಸತ್ತವು. ಸೌದೆಗೆ, ದರಕಿಗೆ ಹೋಗಿ ಬಂದವರು ಜ್ವರ, ವಿಪರೀತ ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದರು. ಅವರ ಮೊದಲ ಅನುಮಾನ ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವೇ ಅದರ ಮುನ್ಸೂಚನೆ. ಅದನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿ ಧಾರಾಳವಾಗಿದ್ದುದರಿಂದ ಆ ಭಯ ಸಣ್ಣದಲ್ಲ. ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ, ಕಾಡಿನ ಉಣುಗು ಎಲ್ಲವನ್ನೂ ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ವೈರಸ್: ರಷ್ಯಾದ ವಸಂತ–ಬೇಸಿಗೆ ಮೆದುಳುಜ್ವರದ ಸಮೀಪ ಸಂಬಂಧಿ. ಹರಡುವುದು ಸೊಳ್ಳೆಯಲ್ಲ, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಮಂಗ ಸತ್ತು ಬಿದ್ದಲ್ಲಿ ಅದರ ಮೈಯ ಉಣುಗುಗಳು ನೆಲಕ್ಕಿಳಿಯುತ್ತವೆ. ಹಾಗಾಗಿಯೇ ಸತ್ತ ಮಂಗದ ಸುತ್ತ ಕೀಟನಾಶಕ ಹಾಕುವ ಪದ್ಧತಿ ಬಂತು. ಕಾಡು ಕಡಿದು ದನ ಮೇಯಿಸಿದ್ದು ಉಣುಗು ಹೆಚ್ಚಲು ಕಾರಣವಾಯಿತೆಂದು ಹೋರ್ಹೆ ಬಾಷೆಲ್ 1969ರಲ್ಲಿ ವಾದಿಸಿದರು. ಪ್ರಯೋಗಾಲಯದಲ್ಲಿ ಈ ವೈರಸ್ಸಿನೊಡನೆ ದುಡಿದವರಿಗೂ ಸೋಂಕು ತಗುಲಿತು. ಇಷ್ಟೆಲ್ಲ ತಿಳಿದದ್ದು ಅವರ ದುಡಿಮೆಯಿಂದ.

ಗುರುತಿಸಿದಷ್ಟು ಬೇಗ ರಕ್ಷಣೆ ಸಿಗಲಿಲ್ಲ. ಸಂಬಂಧಿಯೇ ಆದ್ದರಿಂದ ರಷ್ಯಾದ ಮೆದುಳುಜ್ವರದ ಲಸಿಕೆಯನ್ನು ಪ್ರಯೋಗಿಸಿ ನೋಡಿದರು, ಅದು ಕೈಕೊಟ್ಟಿತು. ಈ ವೈರಸ್ಸನ್ನೇ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಳಕೆಗೆ ಬರುವ ಹೊತ್ತಿಗೆ ದಶಕಗಳೇ ಕಳೆದಿದ್ದವು. 2005–10ರ ಅವಧಿಯ ಅಧ್ಯಯನವೊಂದರಲ್ಲಿ ಎರಡು ಡೋಸಿಗೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಶೇ. 83 ರಕ್ಷಣೆ ಕಂಡುಬಂತು.

1972ರವರೆಗೆ ರೋಗ ಬಹುಮಟ್ಟಿಗೆ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳ ಗಡಿಯೊಳಗಿತ್ತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ, 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಸಿಕ್ಕ ಅಲ್ಖುರ್ಮಾ ವೈರಸ್ ಇದರದೇ ಒಂದು ರೂಪವೆಂದು ವಂಶವಾಹಿಗಳ ಹೋಲಿಕೆ ತೋರಿಸಿತು. ಇಂದು ಹೊಸ ಊರಿನಲ್ಲಿ ರೋಗ ಕಂಡರೆ ಮಾದರಿಯ ಜೀನೋಮ್ ಓದಿ, ಹಳೆಯದರೊಡನೆ ತಾಳೆ ನೋಡುತ್ತಾರೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಲಸಿಕೆಯ ಸಾಮರ್ಥ್ಯದ ಪ್ರಶ್ನೆ ಜೋರಾಗಿ ಎದ್ದಿತು, ಏಳಲೇಬೇಕಿತ್ತು. ಹಳೆಯ ಲಸಿಕೆ ಈಗ ನಿಂತಿದೆ, ಹೊಸದು ತಯಾರಿಯಲ್ಲಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರು ಉಣುಗು ನಿವಾರಕ ಡೀಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ.