ಹೆಸರಘಟ್ಟ: ಕೆರೆಯಂಚಿನ ಹುಲ್ಲುಗಾವಲು

ಬೆಂಗಳೂರಿನ ಮನೆಗಳಿಗೆ ಮೊದಲು ನಲ್ಲಿ ನೀರು ಕೊಟ್ಟ ಊರು ಹೆಸರಘಟ್ಟ. ಅದಕ್ಕೆ ಮೊದಲು ನಗರದವರು ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳನ್ನೂ ಮನೆಬಾವಿಗಳನ್ನೂ ನೆಚ್ಚಿಕೊಂಡಿದ್ದರು. 1876–78ರ ಧಾತು ಈಶ್ವರ ಬರದಲ್ಲಿ ಆ ನೆಚ್ಚಿಕೆ ಎಷ್ಟು ತೆಳುವಾದದ್ದೆಂದು ಎಲ್ಲರಿಗೂ ಗೊತ್ತಾಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ನಂದಿಬೆಟ್ಟದ ಕಡೆಯಿಂದ ದೊಡ್ಡಬಳ್ಳಾಪುರದ ಮೇಲೆ ಹಾದು ಬರುವ ಅರ್ಕಾವತಿಗೆ ಇಲ್ಲಿ ಅಡ್ಡಲಾಗಿ ಏರಿ ಹಾಕಿ ಜಲಾಶಯ ಮಾಡಿದರು. ಯೋಜನೆಗೆ ಮಹಾರಾಜರ ಹೆಸರಿಟ್ಟು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಕರೆದರು. ನೀರು ಇಟ್ಟಿಗೆ ಗಾರೆಯ ಕಾಲುವೆಯಲ್ಲಿ ತಾನಾಗಿ ಇಳಿಜಾರಿಗೆ ತರಬನಹಳ್ಳಿಯವರೆಗೆ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಮೇಲಕ್ಕೆತ್ತಿ ನಗರಕ್ಕೆ ದಾಟಿಸುತ್ತಿದ್ದವು. ಆ ಕಾಲುವೆಯನ್ನು ಹೊತ್ತ ಇಟ್ಟಿಗೆ ಕಮಾನುಗಳು ಹೊಲಗಳ ನಡುವೆ ಇನ್ನೂ ಅಲ್ಲಲ್ಲಿ ನಿಂತಿವೆ. ಅದೇ ಕಮಾನಿನ ನೆರಳಲ್ಲಿ ದನ ಕಟ್ಟುವವರಿಗೆ ಅದು ಹಳೇ ಕಾಲುವೆ, ಅಷ್ಟೆ. ಪುರಾತತ್ವದವರು ಬಂದು ಫಲಕ ನೆಟ್ಟಿದ್ದರೆ ಕಟ್ಟಡ ಉಳಿಯುತ್ತಿತ್ತೋ ಏನೋ, ದನದ ನೆರಳಂತೂ ಹೋಗುತ್ತಿತ್ತು.

ಜಲಾಶಯದ ಭಾಗ್ಯ ಬಹಳ ಕಾಲ ಇರಲಿಲ್ಲ. 1925ರಲ್ಲಿ ಮಳೆ ಕೈಕೊಟ್ಟು ಕೆರೆ ಬತ್ತಿತು. ಸರ್ಕಾರ ಅದೇ ಅರ್ಕಾವತಿಯ ಕೆಳಗೆ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ಕ್ಕೆ ಇನ್ನೊಂದು ಅಣೆಕಟ್ಟು ಮುಗಿಸಿತು. 1970ರ ದಶಕದಲ್ಲಿ ಕಾವೇರಿ ನೀರು ಬಂದ ಮೇಲೆ ಹೆಸರಘಟ್ಟವನ್ನು ನಗರ ಮರೆತೇಬಿಟ್ಟಿತು. ಮೇಲ್ದಂಡೆಯ ಊರುಗಳಲ್ಲಿ ನೀಲಗಿರಿ ತೋಪುಗಳು ಎದ್ದವು, ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದವು, ಹಳ್ಳಗಳಿಗೆ ಒಡ್ಡುಗಳು ಬಿದ್ದವು. ಮಳೆ ಬಂದರೂ ಹೊಳೆ ಬಾರದ ಸ್ಥಿತಿ ಬಂತು. ಕೆರೆಯಂಗಳದಲ್ಲಿ ನೀರಿನ ಬದಲು ಹುಲ್ಲು ಬೆಳೆಯಿತು. 2022ರ ಭಾರೀ ಮಳೆಗೆ ಕೆರೆ ಮತ್ತೆ ತುಂಬಿದಾಗ ಏರಿಯ ಮೇಲೆ ಜಾತ್ರೆಯಂತೆ ಜನ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ತಲೆಮಾರಿನ ಮಕ್ಕಳು ಆ ಕೆರೆಯನ್ನು ತುಂಬು ನೀರಿನಲ್ಲಿ ಕಂಡೇ ಇರಲಿಲ್ಲ.

ಕೆರೆಯ ಸುತ್ತಲಿನ ನೆಲದ ಕಥೆ ಬೇರೆ. ಅದರ ದೊಡ್ಡ ಪಾಲು ಪಶುಸಂಗೋಪನೆ ಇಲಾಖೆಯ ಕೈಯಲ್ಲಿತ್ತು. ತಳಿ ಸಂವರ್ಧನೆ, ಮೇವಿನ ಬೀಜ, ಕೋಳಿ ಸಾಕಣೆಯ ಕೇಂದ್ರಗಳು ಇಲ್ಲಿ ಒಂದೊಂದಾಗಿ ಬಂದವು. 1960ರ ದಶಕದ ಕೊನೆಗೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂತು. 1990ರಲ್ಲಿ ನೃತ್ಯಗಾರ್ತಿ ಪ್ರೋತಿಮಾ ಬೇಡಿ ಕೆರೆಯಾಚೆ ನೃತ್ಯಗ್ರಾಮ ಎಂಬ ನೃತ್ಯಶಾಲೆ ಕಟ್ಟಿದರು. ಅವರ ವಸಂತಹಬ್ಬದ ರಾತ್ರಿಗಳಿಂದಾಗಿ ಊರಿನ ಹೆಸರು ಕೆರೆಗಿಂತ ದೂರ ಹೋಯಿತು. ಇಷ್ಟೆಲ್ಲ ಬಂದರೂ ಸಾವಿರಾರು ಎಕರೆ ಖಾಲಿಯಾಗಿ ಉಳಿಯಿತು. ಯಾರೋ ಜಾಣತನದಿಂದ ಉಳಿಸಿದ್ದಲ್ಲ. ಸರ್ಕಾರಿ ಜಾಗ, ದನ ಮೇಯುವ ಜಾಗ, ಬೇಲಿ ದಾಟಿದರೆ ಇಲಾಖೆಯವರು ಕೇಳುತ್ತಾರೆ ಎನ್ನುವ ಅಳುಕು, ಇಷ್ಟೇ ಅದನ್ನು ಸೈಟುಗಳಾಗದಂತೆ ಕಾಯಿತು. ಬೆಂಗಳೂರಿನಿಂದ ಮೂವತ್ತು ಕಿಲೋಮೀಟರಿನ ಒಳಗೆ ಇಷ್ಟು ಅಗಲದ ಹುಲ್ಲುಗಾವಲು ಉಳಿಯಲು ಅದೇ ಕಾರಣ.

ಅಲ್ಲಿ ಏನಿದೆ ಎಂದು ಕೇಳುವವರು ಸಾಮಾನ್ಯವಾಗಿ ಮಟಮಟ ಮಧ್ಯಾಹ್ನ ಕಾರಿನಲ್ಲಿ ಹೋಗಿ ಬಂದವರು. ಮುಂಗಾರು ಹಿಡಿದ ಮೇಲೆ ಬೆಳಗಿನ ಹೊತ್ತು ನಡೆದು ನೋಡಬೇಕು. ನೆಲಗುಬ್ಬಿಯೊಂದು ಕುರುಚಲಿನ ತುದಿಯಿಂದ ನೆಟ್ಟಗೆ ಮೇಲಕ್ಕೇರಿ, ಕೂಗುತ್ತಾ, ರೆಕ್ಕೆ ಎತ್ತಿ ಹಿಡಿದು ಮೆಲ್ಲಗೆ ಇಳಿಯುತ್ತದೆ. ಅದರ ಗೂಡು ಹುಲ್ಲಿನ ಬುಡದಲ್ಲಿ, ಅಂಗೈ ಗುಳಿಯಷ್ಟು. ಮೊಟ್ಟೆ ಮಣ್ಣಿನ ಬಣ್ಣದ್ದೇ ಆದ್ದರಿಂದ ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಜಾತಿಯ ಸೆಳೆವಗಳು ಬರುತ್ತವೆ. ದಿನವೆಲ್ಲ ಹುಲ್ಲಿನ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಮಿಡತೆ, ಇಲಿ ಹುಡುಕುವ ಈ ಹದ್ದುಗಳು ಸಂಜೆಗೆ ಮರ ಏರುವುದಿಲ್ಲ. ಹುಲ್ಲಿನೊಳಗೆ ನೆಲದಲ್ಲೇ ಮಲಗುತ್ತವೆ. ಮುಸ್ಸಂಜೆಯಲ್ಲಿ ಒಂದು ಜೀಪು ಹುಲ್ಲಿನ ಮೇಲೆ ಸುತ್ತು ಹೊಡೆದರೆ ಎಷ್ಟು ಹಕ್ಕಿಯ ನಿದ್ದೆ ಕೆಡುತ್ತದೆಂದು ಓಡಿಸುವವನಿಗೆ ತಿಳಿಯುವುದೇ ಇಲ್ಲ. ಎರೆಭೂತದ (ಬಸ್ಟರ್ಡ್) ಬಳಗಕ್ಕೆ ಸೇರಿದ, ದೇಶದಲ್ಲೇ ಅಳಿವಿನ ಅಂಚಿನಲ್ಲಿರುವ ಲೆಸ್ಸರ್ ಫ್ಲೋರಿಕನ್ ಕೂಡ ಸುಮಾರು ಹದಿನೈದು ವರ್ಷದ ಹಿಂದೆ ಇಲ್ಲಿ ಕ್ಯಾಮೆರಾಕ್ಕೆ ಸಿಕ್ಕಿತು.

ಇಂಥ ಜಾಗದ ಮೇಲೆ ಕಣ್ಣು ಬೀಳದಿರುತ್ತದೆಯೇ? ಚಿತ್ರನಗರಿಯ ಮಾತು 1970ರ ದಶಕದಿಂದಲೂ ಹೆಸರಘಟ್ಟದ ಬೆನ್ನು ಹತ್ತಿತ್ತು, 2020ರ ಸುಮಾರಿಗೆ ಮತ್ತೆ ಎದ್ದಿತು. ಈ ನೆಲವನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಚಿತ್ರನಗರಿ ಮೈಸೂರಿನ ಕಡೆ ಹೋಯಿತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಅಧ್ಯಕ್ಷತೆಯಲ್ಲಿ, ಕೆರೆಯೂ ಹುಲ್ಲುಗಾವಲೂ ಸೇರಿ 5,678 ಎಕರೆಯ ಮೀಸಲಿಗೆ ಒಪ್ಪಿಗೆ ಕೊಟ್ಟಿತು.

ಊರಿನವರಲ್ಲಿ ಹಲವರು ಮೊದಲಿನಿಂದ ಇದಕ್ಕೆ ಅಡ್ಡ ನಿಂತಿದ್ದರು, ನಿಂತದ್ದರಲ್ಲಿ ತಪ್ಪೂ ಇಲ್ಲ. ಅರಣ್ಯ ಇಲಾಖೆ ಬಂತೆಂದರೆ ದನ ಬಿಡುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ ಎಂಬುದು ಹಳ್ಳಿಗಳ ಹಳೆಯ ಅನುಭವ. ಆದರೆ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಸಂರಕ್ಷಣಾ ಮೀಸಲು ಅಭಯಾರಣ್ಯದಂಥದ್ದಲ್ಲ. ಸರ್ಕಾರಿ ನೆಲದಲ್ಲಿ ಮಾತ್ರ, ಸ್ಥಳೀಯರ ಜತೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಗೆ ಒಬ್ಬ ಪ್ರತಿನಿಧಿ ಇರಬೇಕು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರೂ ಇರಬೇಕು. ಈ ಮಾತನ್ನು ಊರಿನ ಅರಳಿಕಟ್ಟೆಯಲ್ಲಿ ಕೂತು ಮೊದಲೇ ಹೇಳಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು. ದನ ಮೇಯುವುದು ಹದದಲ್ಲಿದ್ದರೆ ಹುಲ್ಲುಗಾವಲಿಗೆ ಕೇಡಿಲ್ಲ. ಕೇಡಿರುವುದು ಟ್ರಾಕ್ಟರಿನಲ್ಲಿ ಬಂದು ಬೀಳುವ ಕಟ್ಟಡದ ಅವಶೇಷದಿಂದ, ಮಣ್ಣು ತೋಡುವುದರಿಂದ, ಮದುವೆ ಫೋಟೊ ತೆಗೆಯುವವರ ಹೊಗೆಬಾಂಬಿನಿಂದ. ಒಳ್ಳೆಯ ಮನಸ್ಸಿನವರು ಸಾಲಾಗಿ ನೆಟ್ಟುಹೋಗುವ ಸಸಿಗಳಿಂದಲೂ ಹೌದು: ಬಯಲನ್ನೇ ನಂಬಿದ ಹಕ್ಕಿ ಮರದ ನೆರಳು ಬಿದ್ದ ಕಡೆ ಗೂಡು ಕಟ್ಟುವುದಿಲ್ಲ.

ನಡೆಯುವವರಿಗೆ ಹೊಸ ದಾರಿ ಕಡಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಏರಿಯಿದೆ, ಹಳೇ ಕಾಲುವೆಯ ಪಕ್ಕದ ಜಾಡಿದೆ, ದನಗಳೇ ಸವೆಸಿದ ಕಾಲುದಾರಿಗಳಿವೆ. ಅವನ್ನೇ ಗುರುತುಮಾಡಿ, ಗಾಡಿಗಳನ್ನು ಡಾಂಬರು ರಸ್ತೆಯಲ್ಲೇ ತಡೆದು, ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರನ್ನು ಮಾರ್ಗದರ್ಶಿಗಳಾಗಿ ಇಟ್ಟರೆ ಸಾಕು. ಇಂಟರ್‌ಲಾಕ್ ಕಲ್ಲು, ಗ್ರಿಲ್ಲು, ಸೆಲ್ಫಿ ಪಾಯಿಂಟು ಯಾವುದೂ ಬೇಡ. ಹೋಗುವವರಲ್ಲಿ ಒಂದು ವಿನಂತಿ: ಗಾಡಿಯನ್ನು ರಸ್ತೆಯಲ್ಲೇ ಬಿಡಿ, ಬೆಳಗಿನ ಹತ್ತು ಗಂಟೆಯೊಳಗೆ ಹೋಗಿ ಬನ್ನಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲುದಾರಿ ಬಿಟ್ಟು ಹುಲ್ಲಿನೊಳಗೆ ಹೆಜ್ಜೆ ಇಡಬೇಡಿ, ಮತ್ತು ದಯವಿಟ್ಟು ಸಸಿ ತರಬೇಡಿ.