ಲೋವೆಲ್ ಗಿರಣಿಯ ಹೆಣ್ಣುಮಕ್ಕಳು

ಮಸಾಚುಸೆಟ್ಸಿನ ಲೋವೆಲ್ ಎಂಬ ನಮ್ಮೂರಿನ ‘ಬೂಟ್’ ಹತ್ತಿಗಿರಣಿಯು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಹಳೆಯ ಮಗ್ಗಗಳು ಓಡತೊಡಗಿದೊಡನೆ ನೆಲವೇ ಅದುರಿ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದಂತಾಗಿ, ಕಾಲು ಗಂಟೆಯೊಳಗೆ ನಾನು ಕಿವಿ ಮುಚ್ಚಿಕೊಂಡು ಹೊರಬಂದೆನು. ಇಂಥ ಆರ್ಭಟದ ನಡುವೆ ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ನಿಂತು ದುಡಿದವರು, ತಮ್ಮನ ಓದಿಗೆಂದೋ ತಂದೆಯ ಸಾಲಕ್ಕೆಂದೋ, ಇಲ್ಲವೆ ಸ್ವಂತದ ನಾಲ್ಕು ಕಾಸಿನ ಆಸೆಯಿಂದಲೋ, ನ್ಯೂ ಇಂಗ್ಲೆಂಡಿನ ಹೊಲಮನೆಗಳನ್ನು ಬಿಟ್ಟುಬಂದ ಕನ್ಯೆಯರು.

ಮೆರಿಮ್ಯಾಕ್ ನದಿಯ ರಭಸವನ್ನು ಕಾಲುವೆಗಳಿಗೆ ತಿರುಗಿಸಿ ಇಲ್ಲಿ ಮೊದಲ ಗಿರಣಿಯನ್ನು ನಡೆಸತೊಡಗಿದುದು 1823ರಲ್ಲಿ. ಎಬ್ಬಿಸುವುದಕ್ಕೆ ಕಂಪನಿಯ ಗಂಟೆ, ಮಲಗುವುದಕ್ಕೆ ಕಂಪನಿಯ ವಸತಿಗೃಹ. ನೂಲು ಕಡಿಯದಿರಲೆಂದು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ, ಲಾಳಿಯ ಕಣ್ಣಿನಿಂದ ಎಳೆಯನ್ನು ಬಾಯಿಂದಲೇ ಹೀರಿ ತೆಗೆಯುವಾಗ ಹತ್ತಿಯ ಧೂಳೂ ಒಳಸೇರುತ್ತಿದ್ದಿತು. (ಆ ಹತ್ತಿಯನ್ನು ಬೆಳೆದವರು ದಕ್ಷಿಣದ ಗುಲಾಮರೆಂಬುದನ್ನು ಮರೆತು ಈ ಊರಿನ ಕಥೆಯನ್ನು ಹೇಳುವುದು ನ್ಯಾಯವಲ್ಲ.)

1834ರಲ್ಲಿ ಕಂಪನಿಗಳು ಕೂಲಿಯನ್ನು ಇಳಿಸಲು ಹೊರಟಾಗ ಸುಮಾರು 800 ಮಂದಿ ಹೆಂಗಸರು ಮಗ್ಗ ನಿಲ್ಲಿಸಿ ಬೀದಿಗಿಳಿದರು, ಸೋತರು. 1836ರಲ್ಲಿ ವಸತಿಯ ಖರ್ಚು ಏರಿದಾಗ ಮತ್ತೆ ಇಳಿದರು. ಆ ದಿನ ಹಿರಿಯರು ಹೋಗುವುದೋ ಬಿಡುವುದೋ ಎಂದು ಮೀನಮೇಷ ಎಣಿಸುತ್ತಿರಲು, ಯಾರು ಬಂದರೂ ಬಾರದಿದ್ದರೂ ತಾನು ಹೋಗುವೆನೆಂದು ಹೊರಟ ಹನ್ನೊಂದು ವರ್ಷದ ಹ್ಯಾರಿಯೆಟ್ ಹ್ಯಾನ್ಸನ್, ಹಿಂದಿರುಗಿ ನೋಡಿದರೆ ಸಾಲಿಗೆ ಸಾಲೇ ಬೆನ್ನಹಿಂದೆ ಬರುತ್ತಿದ್ದಿತು. ಕಂಪನಿಯ ವಸತಿಗೃಹವನ್ನು ನೋಡಿಕೊಳ್ಳುತ್ತಿದ್ದ ಆಕೆಯ ವಿಧವೆ ತಾಯಿ, ಮಗಳ ಈ ಅಪರಾಧಕ್ಕಾಗಿ ಕೆಲಸವನ್ನು ಕಳೆದುಕೊಂಡಳು.

ಮತದ ಹಕ್ಕಿಲ್ಲದವರಿಗೆ ಉಳಿದ ಆಯುಧವೆಂದರೆ ಸಹಿ. ದುಡಿಮೆಗೆ ಹತ್ತು ಗಂಟೆಯ ಮಿತಿಯನ್ನು ಬೇಡಿ ಗಿರಣಿಯ ಕೆಲಸಗಾರ್ತಿ ಸೇರಾ ಬ್ಯಾಗ್ಲಿ ಮೊದಲಾದವರು ಕಳುಹಿಸಿದ ಅರ್ಜಿಯನ್ನು 1845ರಲ್ಲಿ ಕೈಗೆತ್ತಿಕೊಂಡ ರಾಜ್ಯದ ಶಾಸನಸಭೆಯ ಸಮಿತಿಯು, ಹೆಂಗಸರೇ ಬಂದು ಸಾಕ್ಷ್ಯ ನುಡಿಯಬೇಕೆಂದು ವಿಧಿಸಿತು. ಸಂಕೋಚದಿಂದ ಹಿಂಜರಿದಾರೆಂದು ಸಮಿತಿಯು ಎಣಿಸಿದ್ದಿತೋ ಏನೋ, ಆದರೆ ಹೆಂಗಸರು ಬಂದರು. ಎಲೈಜಾ ಹೆಮಿಂಗ್ವೇ ಎಂಬಾಕೆ, ಕತ್ತಲಾದ ಮೇಲೂ ಕೆಲಸ ನಡೆಯುವಾಗ ತನ್ನ ಕೋಣೆಯಲ್ಲಿ 293 ಸಣ್ಣ ದೀಪಗಳೂ 61 ದೊಡ್ಡ ದೀಪಗಳೂ ಉರಿಯುವುವೆಂದು ಲೆಕ್ಕವೊಪ್ಪಿಸಿದಳು. ಆ ಹೊಗೆಯಲ್ಲಿ ಉಸಿರಾಡಿದವಳಿಗಲ್ಲದೆ ಬೇರಾರಿಗೆ ಈ ಲೆಕ್ಕ ತಿಳಿದೀತು! ಸಮಿತಿಯು ಎಲ್ಲವನ್ನೂ ಆಲಿಸಿ, ಪರಿಹಾರವು ತನ್ನ ಕೈಯಲ್ಲಿಲ್ಲವೆಂದು ಕೈತೊಳೆದುಕೊಂಡಿತು.

ಹೆಂಗಸರಿಗೆ ಹತ್ತು ಗಂಟೆಯ ಮಿತಿಯನ್ನು ವಿಧಿಸಿದ ಶಾಸನವು ಮಸಾಚುಸೆಟ್ಸಿನಲ್ಲಿ ಬಂದುದು 1874ರಲ್ಲಿ. ಹ್ಯಾರಿಯೆಟ್ ಮುಂದೆ ಲೇಖಕಿಯಾಗಿ, ಸ್ತ್ರೀಯರ ಮತದಾನದ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದಳು. ಆ ಹಕ್ಕು ದೊರೆತುದು 1920ರಲ್ಲಿ; ಆಕೆ ತೀರಿಕೊಂಡುದು 1911ರಲ್ಲಿ.